ಉರಿಯುವ ಟ್ಯಾಂಕಿನಿಂದ ಅರುಣ್ ಖೇತ್ರಪಾಲ್ ಏಕೆ ಹೊರಬರಲಿಲ್ಲ?

ಮಹಾರಾಷ್ಟ್ರದ ಅಕ್ಕಲಕೋಟೆಯ ನಮ್ಮ ಕನ್ನಡ ಶಾಲೆಯ ಮಕ್ಕಳೂ ಇದನ್ನೇ ಕೇಳುತ್ತಾರೆ: ಮೇಲಧಿಕಾರಿಯೇ ಹೊರಗೆ ಬಾ ಎಂದಾಗ ಅವರು ಒಳಗೇ ಉಳಿದದ್ದು ಹಠದಿಂದಲೇ?

ಹಠವೆಂದು ನನಗೆ ಅನ್ನಿಸುವುದಿಲ್ಲ. ಅವರು ಹೊರಬಂದಿದ್ದರೆ ಶತ್ರುವಿಗೆ ದಾರಿ ತೆರೆದುಕೊಳ್ಳುತ್ತಿತ್ತು. ಅದು 1971ರ ಭಾರತ-ಪಾಕಿಸ್ತಾನ ಯುದ್ಧ, ಡಿಸೆಂಬರ್ 16. ಬಸಂತರ್ ನದಿ ದಾಟಿ ನಮ್ಮ ಸೇನೆ ಹಿಡಿದಿದ್ದ ನೆಲೆಯನ್ನು ಒಡೆಯಲು ಪಾಕಿಸ್ತಾನದ ಟ್ಯಾಂಕುಗಳು ಜರ್ಪಾಲ್ ಬಳಿ ನುಗ್ಗಿದ್ದವು. ಪೂನಾ ಹಾರ್ಸ್ ಎಂಬ ಟ್ಯಾಂಕ್ ರೆಜಿಮೆಂಟಿನ ಸೆಕೆಂಡ್ ಲೆಫ್ಟಿನೆಂಟ್ ಖೇತ್ರಪಾಲ್ ಅವರಿಗೆ ಆಗ 21 ವರ್ಷ. ಅಧಿಕಾರಿಯಾಗಿ ಆರು ತಿಂಗಳಷ್ಟೇ ಆಗಿತ್ತು.

ಅವರ ಟ್ಯಾಂಕಿಗೆ ಶೆಲ್ ಬಡಿದು ಬೆಂಕಿ ಹತ್ತಿತು. ಟ್ಯಾಂಕಿನೊಳಗಿನ ಬೆಂಕಿ ಎಂದರೆ ಏನೆಂದು ಒಮ್ಮೆ ಊಹಿಸಿ: ನಾಲ್ವರು ಒತ್ತೊತ್ತಾಗಿ ಕುಳಿತ ಉಕ್ಕಿನ ಗೂಡು, ಕೈಗೆಟುಕುವಷ್ಟು ಹತ್ತಿರದಲ್ಲಿ ಜೋಡಿಸಿಟ್ಟ ಶೆಲ್ಲುಗಳು, ಬೆನ್ನ ಹಿಂದೆ ಎಂಜಿನ್ ಮತ್ತು ಇಂಧನ. ಅಲ್ಲಿಂದಲೇ ಅವರು ರೇಡಿಯೋದಲ್ಲಿ, ತೋಪು ಇನ್ನೂ ಕೆಲಸ ಮಾಡುತ್ತಿದೆ, ಟ್ಯಾಂಕ್ ಬಿಡುವುದಿಲ್ಲ ಎಂದು ತಿಳಿಸಿದರು. ಆ ಕಾಳಗದಲ್ಲಿ ಅವರೊಬ್ಬರೇ ನಾಲ್ಕು ಟ್ಯಾಂಕುಗಳನ್ನು ಹೊಡೆದುರುಳಿಸಿದರು. ಕೊನೆಯದು ಕೇವಲ ನೂರು ಮೀಟರ್ ದೂರದಲ್ಲಿತ್ತು; ಮಕ್ಕಳಿಗೆ ಅದನ್ನು ಓಟದ ಪಂದ್ಯದ ನೂರು ಮೀಟರ್ ಎಂದೇ ತೋರಿಸುತ್ತೇನೆ, ಅವರು ತಕ್ಷಣ ಮೌನವಾಗುತ್ತಾರೆ. ಮತ್ತೊಂದು ಶೆಲ್ ಬಡಿದು ಖೇತ್ರಪಾಲ್ ಮಡಿದರು. ಶತ್ರುವಿಗೆ ದಾರಿ ಸಿಗಲಿಲ್ಲ.

ಮರಣೋತ್ತರ ಪರಮವೀರ ಚಕ್ರ ಬಂದದ್ದು ಇದಕ್ಕೆ. ಇದೇ ರೆಜಿಮೆಂಟಿನ ಎ. ಬಿ. ತಾರಾಪೋರ್ 1965ರಲ್ಲಿ ಅದೇ ಗೌರವ ಪಡೆದಿದ್ದರು. ಅವರೂ ಗಾಯಗೊಂಡ ಮೇಲೆ ರಣರಂಗ ಬಿಡಲು ಒಪ್ಪಿರಲಿಲ್ಲ. ಖೇತ್ರಪಾಲ್ ಅವರ ‘ಫಾಮಗುಸ್ತಾ’ ಟ್ಯಾಂಕನ್ನು ನಮ್ಮ ರಾಜ್ಯದ ಅಹಿಲ್ಯಾನಗರದಲ್ಲೇ (ಹಿಂದಿನ ಅಹಮದನಗರ) ಸೇನೆ ಉಳಿಸಿಕೊಂಡಿದೆ.