ಎರಡು ಊರಿಗೆ ಒಂದೇ ಭೂಭರ್ತಿ ಸಾಧ್ಯವೇ?

ಪ್ರಶ್ನೆ: ಹರಿಹರ ಮತ್ತು ರಾಣೆಬೆನ್ನೂರು ತುಂಗಭದ್ರೆಯ ಆಚೀಚೆಯ ನಗರಸಭೆಗಳು. ಜಿಲ್ಲೆ ಬೇರೆಬೇರೆ. ಕಸ ವಿಲೇವಾರಿಗೆ ಇಬ್ಬರೂ ಸೇರಿ ಒಂದೇ ಭೂಭರ್ತಿ, ಅಂದರೆ ಕಸ ಹೂಳುವ ಜಾಗ, ಮಾಡಿಕೊಳ್ಳಬಹುದೇ?

ಉತ್ತರ: ಮಾಡಿಕೊಳ್ಳಬಹುದು. ಘಟಕದಿಂದ 50 ಕಿ.ಮೀ. ಫಾಸಲೆಯೊಳಗಿನ ಊರುಗಳು ಖರ್ಚು ಹಂಚಿಕೊಂಡು ಒಂದೇ ಭೂಭರ್ತಿ ಘಟಕ ನಡೆಸುವ ದಾರಿಯನ್ನು 2016ರ ಘನತ್ಯಾಜ್ಯ ನಿಯಮಗಳೇ ತೋರಿಸಿದ್ದವು. ತೊಡಕು ಇರುವುದು ಜಿಲ್ಲೆಯ ಗಡಿಯಲ್ಲಿ. ಸಂವಿಧಾನದ 243ಝಡ್‌ಡಿ ವಿಧಿಯಂತೆ ಊರುಗಳ ಯೋಜನೆಗಳನ್ನು ಒಟ್ಟುಗೂಡಿಸುವ ಜಿಲ್ಲಾ ಯೋಜನಾ ಸಮಿತಿ ಒಂದು ಜಿಲ್ಲೆಗಷ್ಟೇ ಸೀಮಿತ. ಒಂದಕ್ಕಿಂತ ಹೆಚ್ಚು ಜಿಲ್ಲೆಗೆ ಹರಡಬಲ್ಲ ಮಹಾನಗರ ಯೋಜನಾ ಸಮಿತಿಗೆ 10 ಲಕ್ಷ ಜನಸಂಖ್ಯೆ ಬೇಕು. ರಾಣೆಬೆನ್ನೂರು ಹಾವೇರಿ ಜಿಲ್ಲೆಗೆ, ಹೊಳೆ ದಾಟಿದರೆ ಸಿಗುವ ಹರಿಹರ ದಾವಣಗೆರೆಗೆ! ಹಾಗಾಗಿ ಎರಡೂ ನಗರಸಭೆಗಳು ಒಂದೇ ಒಕ್ಕಣೆಯ ಠರಾವು ಮಾಡಿ, ಇಬ್ಬರೂ ಜಿಲ್ಲಾಧಿಕಾರಿಗಳ ಮೂಲಕ ಸರ್ಕಾರದ ಒಪ್ಪಿಗೆ ಕೇಳುವುದೇ ಸರಿ.

ಖರ್ಚನ್ನು ಜನಸಂಖ್ಯೆಯ ಮೇಲೆ ಹಂಚಬೇಡಿ. ಹಾಗೆ ಮಾಡಿದರೆ ಕಸ ಬೇರ್ಪಡಿಸಿದ ಊರಿಗೂ ಬೇರ್ಪಡಿಸದ ಊರಿಗೂ ಒಂದೇ ಬಿಲ್ಲು ಬರುತ್ತದೆ, ಆರು ತಿಂಗಳಲ್ಲಿ ಜಗಳ. ಗೇಟಿನಲ್ಲಿ ಲಾರಿ ತೂಗುವ ವೇಬ್ರಿಜ್ ಹಾಕಿಸಿ, ಟನ್ ಲೆಕ್ಕದಲ್ಲಿ ವಸೂಲಿ ಮಾಡಿ. ಹಸಿ ಕಸದ ಗೊಬ್ಬರ ಆಯಾ ಊರಲ್ಲೇ ಆಗಲಿ. ಅದು ಲಾರಿ ಏರಿದರೆ ಸಾಗಣೆಗೂ ದುಡ್ಡು, ಗುಂಡಿಯಲ್ಲಿ ಕೊಳೆತು ಸೋರುವ ನೀರಿನ ಶುದ್ಧೀಕರಣಕ್ಕೂ ದುಡ್ಡು. ಜಾಗ ನದಿಯಿಂದ 100 ಮೀಟರ್, ಕೆರೆ, ಬಾವಿ, ಮನೆಗಳಿಂದ 200 ಮೀಟರ್ ದೂರವಿರಬೇಕು. ಜಾಗ ಕೊಟ್ಟ ಹಳ್ಳಿಗೆ ಟನ್‌ಗೆ ಇಷ್ಟು ಎಂಬ ಪಾಲನ್ನು ಒಪ್ಪಂದದಲ್ಲೇ ಬರೆಯಿರಿ. ಬಾಯಿಮಾತಿನ ಭರವಸೆಗೆ ಯಾರೂ ಲಾರಿ ಬಿಡುವುದಿಲ್ಲ.