ನೀಲಿಯೋ, ಬೂದಿಯೋ, ಸ್ಟೀಲೋ? ಮೊದಲ 1911 ಕೊಳ್ಳುವ ಮುಂಚೆ

ಪ್ರಶ್ನೆ: ಹನ್ನೆರಡು ವರ್ಷದಿಂದ ಹ್ಯೂಸ್ಟನ್‌ನಲ್ಲಿದ್ದೇನೆ. ಹೋದ ವರ್ಷ ಗ್ರೀನ್ ಕಾರ್ಡ್ ಬಂತು. ಗೆಳೆಯರ ಜತೆ ಶೂಟಿಂಗ್ ರೇಂಜಿಗೆ ಹೋಗಿ ಹೋಗಿ 1911 ಪಿಸ್ತೂಲಿನ ಮೇಲೆ ಮನಸ್ಸಾಗಿದೆ. ಅಂಗಡಿಗೆ ಹೋದರೆ ತಲೆ ತಿರುಗಿತು. ನೋಡೋಕೆ ಎಲ್ಲಾ ಒಂದೇ. ಆದರೆ ಒಂದಕ್ಕೆ 500 ಡಾಲರ್, ಪಕ್ಕದ್ದಕ್ಕೆ 3,000. ಒಂದು ಕಡುನೀಲಿ, ಒಂದು ಬೂದು, ಒಂದು ಸ್ಟೀಲು. ಅದರ ಮೇಲೆ ಸೀರೀಸ್ 70, ಸೀರೀಸ್ 80 ಅಂತ ಬೇರೆ. ಯಾವುದಕ್ಕೆ ದುಡ್ಡು ಕೊಡಬೇಕು, ಯಾವುದು ಬರೀ ಅಲಂಕಾರ?

ಉತ್ತರ: ಮೊದಲು ನೀವು ನನಗೆ ಒಂದು ಮಾತು ಹೇಳಿ, ನಿಮ್ಮ ಅಂಗೈ ಜಾಸ್ತಿ ಬೆವರುತ್ತಾ? ತಮಾಷೆಗೆ ಕೇಳುತ್ತಿಲ್ಲ. ನಾನು ಕಲಿಸುವ ರೇಂಜಿಗೆ ಬರುವ ಒಬ್ಬರ ಬೆವರು ಎಂಥದ್ದೆಂದರೆ, ಈ ಶನಿವಾರ ಅವರು ಮುಟ್ಟಿ ಒರೆಸದೆ ಇಟ್ಟ ನೀಲಿ ಪಿಸ್ತೂಲಿನ ಮೇಲೆ ಮುಂದಿನ ಶನಿವಾರಕ್ಕೆ ಬೆರಳಚ್ಚು ಕಂದು ಬಣ್ಣದಲ್ಲಿ ಮೂಡಿರುತ್ತದೆ. ಹ್ಯೂಸ್ಟನ್‌ನ ಹವೆ ನಮ್ಮ ಮಂಗಳೂರಿನದ್ದೇ ಅನ್ನಿ. ಹಾಗಾಗಿ ಬಣ್ಣದ ಪ್ರಶ್ನೆ ನಿಮಗೆ ಬರೀ ಅಂದದ ಪ್ರಶ್ನೆ ಅಲ್ಲ. ಅದಕ್ಕೆ ಆಮೇಲೆ ಬರೋಣ.

ಈ ಪಿಸ್ತೂಲು ಜಾನ್ ಮೋಸೆಸ್ ಬ್ರೌನಿಂಗ್ ಅವರ ವಿನ್ಯಾಸ. ಅಮೆರಿಕದ ಸೇನೆ ಇದನ್ನು ಒಪ್ಪಿದ್ದು 1911ರ ಮಾರ್ಚ್ 29ರಂದು. 1985ರಲ್ಲಿ ಬೆರೆಟ್ಟಾ ಬರುವ ತನಕ ಇದೇ ಅವರ ಮುಖ್ಯ ಪಿಸ್ತೂಲು. 1920ರ ದಶಕದಲ್ಲಿ ಸಣ್ಣಪುಟ್ಟ ತಿದ್ದುಪಡಿ ಮಾಡಿ ಎ1 ಅಂತ ಹೆಸರಿಟ್ಟರು. ಟ್ರಿಗರ್ ಗಿಡ್ಡ ಆಯಿತು, ಹಿಡಿಯ ಬೆನ್ನು ಉಬ್ಬಿತು. ಪೂರ್ತಿ ಅಳತೆಯದ್ದಕ್ಕೆ 5 ಇಂಚಿನ ಬ್ಯಾರೆಲ್, ಗುಂಡು ತುಂಬುವ ಮ್ಯಾಗಜೀನಿನಲ್ಲಿ .45 ಎಸಿಪಿ ಅನ್ನುವ ಅಳತೆಯ 7 ಗುಂಡು, ತೂಕ 1.1 ಕಿಲೋ ಆಸುಪಾಸು. 4.25 ಇಂಚಿನ ಕಮಾಂಡರ್, ಅದಕ್ಕೂ ಗಿಡ್ಡವಾದ ಆಫೀಸರ್ಸ್ ಮಾದರಿಗಳೂ ಇವೆ. ನೀವು ರೇಂಜಿಗೆ ಕೊಳ್ಳುತ್ತಿದ್ದೀರಿ. 5 ಇಂಚಿನದ್ದನ್ನೇ ತಗೊಳ್ಳಿ. ಈ ವಿನ್ಯಾಸ ಹುಟ್ಟಿದ್ದೇ ಆ ಅಳತೆಗೆ. ಬ್ಯಾರೆಲ್ ಗಿಡ್ಡವಾದಷ್ಟೂ ಸ್ಪ್ರಿಂಗ್, ಮ್ಯಾಗಜೀನ್ ಎಲ್ಲದರಲ್ಲೂ ನಾಜೂಕು ಜಾಸ್ತಿ.

ಈಗ ದುಡ್ಡಿನ ಮಾತು. ಅಂಗಡಿಯಲ್ಲಿ ಅಗ್ಗದ್ದು ಸಾಮಾನ್ಯವಾಗಿ ಜಿಐ ಮಾದರಿ, ಅಂದರೆ ಸೇನೆಯಲ್ಲಿದ್ದ ಹಾಗೇ ಇರುವುದು. ಗುರಿ ಹಿಡಿಯಲು ನೋಡುವ ಅದರ ಮುಂದಿನ ಸೈಟು ಭತ್ತದ ಕಾಳಿನಷ್ಟಿರುತ್ತದೆ. ನಲವತ್ತು ದಾಟಿದ ಕಣ್ಣಿಗೆ ಅದು ಕಾಣುವುದೇ ಕಷ್ಟ. ದೊಡ್ಡದಾದ, ಬದಲಾಯಿಸಬಹುದಾದ ಸೈಟಿಗೆ ನೂರಿನ್ನೂರು ಡಾಲರ್ ಜಾಸ್ತಿ ಕೊಟ್ಟರೂ ಅದು ದಂಡವಲ್ಲ.

ಎರಡನೆಯದು ಗ್ರಿಪ್ ಸೇಫ್ಟಿಯ, ಅಂದರೆ ಹಿಡಿಯ ಬೆನ್ನಲ್ಲಿರುವ, ಬಿಗಿಯಾಗಿ ಹಿಡಿಯದಿದ್ದರೆ ಗುಂಡು ಹಾರದಂತೆ ತಡೆಯುವ ಭಾಗದ ಬಾಲ. ಹಳೆಯ ಮಾದರಿಯಲ್ಲಿ ಅದು ಚಿಕ್ಕದು. ಕೈ ದಪ್ಪಗಿದ್ದರೆ ಹೆಬ್ಬೆರಳು ತೋರುಬೆರಳಿನ ನಡುವಿನ ಚರ್ಮ ಹಿಂಬದಿಯ ಸುತ್ತಿಗೆಯಂಥ ಹ್ಯಾಮರ್‌ಗೆ ಸಿಕ್ಕಿ ಕಚ್ಚುತ್ತದೆ. ಎರಡು ಮ್ಯಾಗಜೀನ್ ಮುಗಿಯುವಷ್ಟರಲ್ಲಿ ರಕ್ತ ಬಂದವರನ್ನು ನೋಡಿದ್ದೇನೆ. ಉದ್ದ ಬಾಲದ ಬೀವರ್‌ಟೇಲ್ ಇದ್ದರೆ ಆ ಗೋಳಿಲ್ಲ. ನಿಮ್ಮದು ತೆಳು ಕೈಯಾದರೆ ಹಳೆಯದೇ ಸಾಕು. ಅಂಗಡಿಯಲ್ಲೇ ಹಿಡಿದು ನೋಡಿದರೆ ಗೊತ್ತಾಗುತ್ತದೆ. ಕೈಗೆ ತಗೊಳ್ಳುವಾಗ ಮ್ಯಾಗಜೀನ್ ತೆಗೆಸಿ, ಮೇಲಿನ ಸರಿಯುವ ಭಾಗವಾದ ಸ್ಲೈಡ್ ಹಿಂದಕ್ಕೆಳೆಸಿ, ಒಳಗೆ ಗುಂಡಿಲ್ಲ ಅಂತ ಕಣ್ಣಾರೆ ನೋಡಿ. ಖಾಲಿ ಪಿಸ್ತೂಲಿನ ಸ್ಲೈಡನ್ನು ದಡಾರನೆ ಬಿಡಬೇಡಿ, ಕೈಯಲ್ಲಿ ಹಿಡಿದು ಮೆಲ್ಲಗೆ ಮುಂದೆ ತನ್ನಿ. ಹಾಗೆ ಬಡಿದರೆ ಒಳಗಿನ ಸೂಕ್ಷ್ಮ ಭಾಗಗಳಿಗೂ ಪೆಟ್ಟು, ಅಂಗಡಿಯವನ ಮುಖವೂ ಗಂಟಾಗುತ್ತದೆ.

ಸೀರೀಸ್ 70, 80ರ ಜಗಳ ಸುಮ್ನೆ ದೊಡ್ಡದಾಗಿದೆ. 1983ರಲ್ಲಿ ಕೋಲ್ಟ್ ಕಂಪನಿ, ಗುಂಡಿನ ಹಿಂಬದಿಗೆ ಬಡಿದು ಸಿಡಿಸುವ ಫೈರಿಂಗ್ ಪಿನ್‌ಗೆ ಒಂದು ತಡೆ ಸೇರಿಸಿತು. ಟ್ರಿಗರ್ ಎಳೆದಾಗ ಮಾತ್ರ ಅದು ಸರಿಯುತ್ತದೆ. ಪಿಸ್ತೂಲು ಕೈಜಾರಿ ಬಿದ್ದರೂ ಪಿನ್ ಮುಂದೆ ನುಗ್ಗುವುದಿಲ್ಲ. ಇದೇ ಸೀರೀಸ್ 80. ಆ ತಡೆ ಇಲ್ಲದ್ದನ್ನೆಲ್ಲಾ ಜನ ಈಗ ಸೀರೀಸ್ 70 ಅನ್ನುತ್ತಾರೆ. 1970ರಲ್ಲಿ ಕೋಲ್ಟ್ ಆ ಹೆಸರು ಕೊಟ್ಟಿದ್ದು ಬ್ಯಾರೆಲ್ ತುದಿಯನ್ನು ಹಿಡಿದಿಡುವ ಬಳೆಯಂಥ ಬೇರೊಂದು ಬುಶಿಂಗ್‌ಗಾಗಿ. ಅದನ್ನು ಎಲ್ಲರೂ ಮರೆತೇಬಿಟ್ಟಿದ್ದಾರೆ. 80ರ ಟ್ರಿಗರ್ ಒರಟು ಅನ್ನುವವರಿದ್ದಾರೆ. ಪಂದ್ಯಕ್ಕೆ ಇಳಿಯುವವರಿಗೆ ಅದು ನಿಜ ಇರಬಹುದು. ಮೊದಲ ಪಿಸ್ತೂಲು ಕೊಳ್ಳುವವರ ಬೆರಳಿಗೆ ಆ ವ್ಯತ್ಯಾಸ ಹತ್ತುವುದಿಲ್ಲ ಅನ್ನುವುದು ನನ್ನ ಅನುಭವ. ಕ್ಯಾಲಿಫೋರ್ನಿಯಾದಲ್ಲಿರುವ ಓದುಗರಿಗೆ ಇನ್ನೊಂದು ಮಾತು. ಅಲ್ಲಿ ಅಂಗಡಿಯಲ್ಲಿ ಹೊಸದಾಗಿ ಕೊಳ್ಳುವ ಪಿಸ್ತೂಲು ರಾಜ್ಯದ ಪಟ್ಟಿಯಲ್ಲಿರಬೇಕು. ಮನಸ್ಸು ಕೊಡುವ ಮುಂಚೆ ಆ ಪಟ್ಟಿ ನೋಡಿ.

ಸ್ಲೈಡಿನ ಮುಂಭಾಗದ ಗೀರುಗಳು, ಹ್ಯಾಮರಿನ ತೂತು, ಸ್ಪ್ರಿಂಗಿನ ಒಳಗಿನ ಉದ್ದದ ಗೈಡ್ ರಾಡ್, ಇವೆಲ್ಲಾ ನನ್ನ ಲೆಕ್ಕದಲ್ಲಿ ಅಲಂಕಾರ. ಗೈಡ್ ರಾಡ್ ಅಂತೂ ಬಿಚ್ಚುವಾಗ ಕಿರಿಕಿರಿಯೇ ಜಾಸ್ತಿ. ನಿಜವಾಗಿ ನೋಡಬೇಕಾದ್ದು ಎಕ್ಸ್‌ಟ್ರಾಕ್ಟರ್, ಅಂದರೆ ಸುಟ್ಟ ಕೋಶವನ್ನು ಹಿಡಿದು ಹೊರಗೆಳೆಯುವ ಕೊಕ್ಕೆ. ಹಳೆ ವಿನ್ಯಾಸದಲ್ಲಿ ಆ ಉಕ್ಕಿನ ಕಡ್ಡಿಯೇ ಸ್ಪ್ರಿಂಗು ಕೂಡ. ಅದರ ಬಿಗಿ ಹೆಚ್ಚುಕಮ್ಮಿ ಆದರೆ ಪಿಸ್ತೂಲು ಮುಗ್ಗರಿಸುತ್ತದೆ. ಉಳಿದ ತೊಂದರೆಗಳಿಗೆ ಬಹುತೇಕ ಕಾರಣ ಕಳಪೆ ಮ್ಯಾಗಜೀನ್. ಅಗ್ಗದ ಪಿಸ್ತೂಲು ಕೊಂಡು, ಉಳಿದ ದುಡ್ಡಿನಲ್ಲಿ ನಾಲ್ಕು ಒಳ್ಳೆಯ ಮ್ಯಾಗಜೀನ್ ತಗೊಂಡವರು ನನ್ನ ಮಟ್ಟಿಗೆ ಜಾಣರು.

500 ಡಾಲರ್ ಆಸುಪಾಸಿನ ರಾಕ್ ಐಲೆಂಡ್ ತಯಾರಾಗುವುದು ಫಿಲಿಪ್ಪೀನ್ಸ್‌ನಲ್ಲಿ. ಇದರಲ್ಲೊಂದು ತಮಾಷೆಯಿದೆ. ಅಮೆರಿಕದ ಸೈನಿಕರಿಗೆ .38 ಗುಂಡು ಸಾಲದು, .45 ಬೇಕು ಅನ್ನಿಸಿದ್ದೇ ಫಿಲಿಪ್ಪೀನ್ಸ್‌ನಲ್ಲಿ ಮೋರೋ ಜನರ ವಿರುದ್ಧ ಕಾದಾಡುವಾಗ. ಈಗ ಅದೇ ದೇಶ ಆ ಪಿಸ್ತೂಲನ್ನು ಅಮೆರಿಕಕ್ಕೆ ಮಾರುತ್ತಿದೆ! ಟರ್ಕಿಯ ಟಿಸಾಸ್ ಕೂಡ ಆ ಬೆಲೆಯಲ್ಲಿ ಒಳ್ಳೆಯ ಮಾಲು. ನಡುವಿನಲ್ಲಿ ಸ್ಪ್ರಿಂಗ್‌ಫೀಲ್ಡ್, ರೂಗರ್, ಕೋಲ್ಟ್. ವಿಲ್ಸನ್ ಕಾಂಬ್ಯಾಟ್ ಥರದವರು 3,000ಕ್ಕೂ ಮೇಲೆ ಕೇಳುತ್ತಾರೆ. ಆ ದುಡ್ಡು ಕೈಕೆಲಸಕ್ಕೆ ಹೋಗುತ್ತದೆ. ಅದರ ಸ್ಲೈಡ್ ಎಳೆದರೆ, ಹಳೇ ಮನೆಯ ಎಣ್ಣೆ ಕುಡಿದ ಅಗುಳಿ ಸರಿದ ಹಾಗೆ, ಅಲುಗಾಟವೂ ಇಲ್ಲ, ಸದ್ದೂ ಇಲ್ಲ. ಚೆಂದ ಹೌದು. ಮೊದಲ ಪಿಸ್ತೂಲಿಗೆ ಬೇಕಾ? ಬೇಡ.

ಈಗ ಬಣ್ಣಕ್ಕೆ ಬರೋಣ. ಕಡುನೀಲಿ ಅಂದಿರಲ್ಲ, ಅದು ಬಣ್ಣವೇ ಅಲ್ಲ. ಉಕ್ಕನ್ನು ಬಿಸಿ ಉಪ್ಪಿನ ದ್ರಾವಣದಲ್ಲಿ ಅದ್ದಿ, ಮೇಲ್ಮೈಯನ್ನೇ ಬೇಕಂತಲೇ ಕಪ್ಪು ಆಕ್ಸೈಡ್ ಮಾಡುತ್ತಾರೆ. ಇದಕ್ಕೆ ಬ್ಲೂಯಿಂಗ್ ಅನ್ನುತ್ತಾರೆ. ಒಂಥರಾ ಹದಕ್ಕೆ ತಂದ ತುಕ್ಕು. ನಮ್ಮ ದೋಸೆ ಕಾವಲಿ ಎಣ್ಣೆ ಕುಡಿದಷ್ಟೂ ಕಪ್ಪಾಗಿ ಒಳ್ಳೆಯದಾಗುತ್ತಲ್ಲ, ಇದಕ್ಕೂ ಎಣ್ಣೆಯೇ ಜೀವ. ಎಣ್ಣೆ ಒಣಗಿತೋ ತುಕ್ಕು ಶುರು. ಬ್ಲೂಯಿಂಗ್‌ನ ಹೊಳಪು ಅದರ ಕೆಳಗಿನ ಪಾಲಿಶ್‌ನದ್ದು. ಕೋಲ್ಟ್‌ನ ಹಳೇ ರಾಯಲ್ ಬ್ಲೂ ಪಿಸ್ತೂಲನ್ನು ದೀಪದ ಕೆಳಗೆ ತಿರುಗಿಸಿದರೆ ಕಾಗೆಯ ರೆಕ್ಕೆಯ ನೀಲಿ ಕಾಣುತ್ತದೆ. ನೋಡಿದವರು ಮರುಳಾಗದೆ ಇರಲ್ಲ. ನಾನೂ ಮರುಳಾಗಿದ್ದೆ. ಕೊಂಡ ಮೊದಲ ವಾರವೇ ಅದನ್ನು ಬಿಚ್ಚಿ ಜೋಡಿಸುವಾಗ ಸ್ಲೈಡ್ ಸ್ಟಾಪಿನ ತುದಿ ಜಾರಿ, ಎಡಬದಿಯ ಫ್ರೇಮಿನ ಮೇಲೆ ಅರ್ಧಚಂದ್ರದ ಗೀಟು ಬಿತ್ತು. 1911 ಇಟ್ಟುಕೊಂಡವರೆಲ್ಲಾ ಇದಕ್ಕೆ ‘ಪೆದ್ದನ ಗೀಟು’ ಅನ್ನುತ್ತಾರೆ. ನೀಲಿಯ ಮೇಲೆ ಅದು ಬೆಳ್ಳಗೆ ಹೊಳೆಯುತ್ತದೆ, ಹತ್ತಡಿ ದೂರದಿಂದ ಕಾಣುತ್ತದೆ. ಜೋಡಿಸುವಾಗ ಅಲ್ಲಿಗೊಂದು ಟೇಪ್ ಅಂಟಿಸಿಕೊಳ್ಳಿ, ನನ್ನ ಗತಿ ನಿಮಗೆ ಬೇಡ.

ಬೂದು ಬಣ್ಣದ್ದು ಪಾರ್ಕರೈಸಿಂಗ್. ಉಕ್ಕಿನ ಮೇಲೆ ಫಾಸ್ಫೇಟ್ ಪದರ. ಎರಡನೇ ಮಹಾಯುದ್ಧದ ಪಿಸ್ತೂಲುಗಳ ಮೈ ಇದೇ. ಮುಟ್ಟಿದರೆ ಪಾಲಿಶ್ ಮಾಡದ ಕಡಪ ಕಲ್ಲಿನ ಹಾಗೆ ಒರಟು. ಆ ಒರಟಿನ ಸಂದಿಯಲ್ಲಿ ಎಣ್ಣೆ ನಿಲ್ಲುತ್ತದೆ, ಹಾಗಾಗಿ ಸರಳ ಬ್ಲೂಯಿಂಗ್‌ಗಿಂತ ತಾಳಿಕೆ ಜಾಸ್ತಿ. ಅಂದ ಕಮ್ಮಿ, ಆದರೆ ಗೀಟು ಬಿದ್ದರೂ ಹೊಟ್ಟೆ ಉರಿಯಲ್ಲ.

ಸ್ಟೇನ್‌ಲೆಸ್ ನಮ್ಮ ಮನೆಯ ಊಟದ ತಟ್ಟೆ ಇದ್ದ ಹಾಗೆ. ಗೀಟು ಬೀಳುತ್ತದೆ, ಆದರೆ ಮೇಲೆ ಪದರವೇ ಇಲ್ಲದ್ದರಿಂದ ಕಿತ್ತುಹೋಗುವುದಕ್ಕೆ ಏನೂ ಇಲ್ಲ. ಮಂಕು ಮೈಯದ್ದಾದರೆ ಸಣ್ಣ ಗೀಟನ್ನು ಉಜ್ಜಿ ಮರೆಮಾಡಬಹುದು. ತುಕ್ಕೇ ಹಿಡಿಯಲ್ಲ ಅಂತ ಮಾತ್ರ ನಂಬಬೇಡಿ. ಬೆವರು ಮೆತ್ತಿ ವಾರಗಟ್ಟಲೆ ಬಿಟ್ಟರೆ ಇದಕ್ಕೂ ಚುಕ್ಕೆ ಬರುತ್ತದೆ, ತಡವಾಗಿ ಅಷ್ಟೇ.

ನಿಕಲ್ ಲೇಪನ ಹಿತ್ತಾಳೆ ಪಾತ್ರೆಯ ಕಲಾಯಿ ಥರ. ಇರುವ ತನಕ ಫಳಫಳ. ಕೆಲವದರಲ್ಲಿ ನಿಕಲ್ ಕೆಳಗೆ ತಾಮ್ರದ ಪದರ ಇರುತ್ತದೆ. ಅಮೋನಿಯಾ ಇರುವ ಕ್ಲೀನರ್ ಹಾಕಿದರೆ ಅದು ತಾಮ್ರವನ್ನು ತಿಂದು ನಿಕಲ್ ಹಕ್ಕಳೆ ಏಳುತ್ತದೆ. ಸೆರಾಕೋಟ್, ನೈಟ್ರೈಡ್, ಡಿಎಲ್‌ಸಿ ಇವು ಉಕ್ಕಿನ ಮೈಯನ್ನು ಕಾಪಾಡುವ ಹೊಸಕಾಲದ ವಿಧಾನಗಳು. ಗಟ್ಟಿತನದಲ್ಲಿ ನೈಟ್ರೈಡ್, ಡಿಎಲ್‌ಸಿ ಎರಡಕ್ಕೂ ನಾನು ಪೂರ್ತಿ ಅಂಕ ಕೊಡುತ್ತೇನೆ. ಸೆರಾಕೋಟ್ ಒಂಥರಾ ಬಣ್ಣವೇ, ಹೋಲ್ಸ್ಟರ್ ಉಜ್ಜುವ ಅಂಚುಗಳಲ್ಲಿ ಸವೆಯುತ್ತದೆ.

ಹಿಡಿಯ ಮರ ನೋಡುವಾಗ ಕೊಕೊಬೊಲೊ ಅಂತ ಹೆಸರು ಕಂಡರೆ ಒಂದು ಕ್ಷಣ ನಿಲ್ಲಿ. ಅದು ಮಧ್ಯ ಅಮೆರಿಕದ ಮರ, ನಮ್ಮ ಬೀಟೆಯ ದಾಯಾದಿ. ಅದೇ ಕೆಂಗಪ್ಪು, ಅದೇ ಗೆರೆ. ಇದಕ್ಕೆ ದುಡ್ಡು ಹಾಕಿದರೆ ನಾನು ಬೈಯಲ್ಲ. ಎರಡು ಬದಿಗೆ ನಾಲ್ಕೇ ಸ್ಕ್ರೂ, ಯಾವಾಗ ಬೇಕಾದರೂ ಹಾಕಿಕೊಳ್ಳಬಹುದು.

ನಿಮ್ಮ ಜಾಗದಲ್ಲಿ ನಾನಿದ್ದರೆ, 5 ಇಂಚಿನ ಮಂಕು ಸ್ಟೇನ್‌ಲೆಸ್, ದೊಡ್ಡ ಸೈಟು, ಬೀವರ್‌ಟೇಲ್. ಗುಂಡಿನ ಖರ್ಚು ಭಾರ ಅನ್ನಿಸಿದರೆ 9 ಎಂಎಂನಲ್ಲೇ ಇದೇ ಪಿಸ್ತೂಲು ಸಿಗುತ್ತದೆ, .45 ಅಲ್ಲದಿದ್ದರೆ ಅದು 1911 ಅಲ್ಲ ಅನ್ನುವ ಹಟಮಾರಿಗಳು ಏನಾದರೂ ಅಂದುಕೊಳ್ಳಲಿ. ಬ್ಲೂಯಿಂಗ್ ಮೇಲಿನ ಆಸೆ ಹೋಗದಿದ್ದರೆ ಎರಡನೆಯದಾಗಿ ತಗೊಳ್ಳಿ, ಅಷ್ಟೊತ್ತಿಗೆ ಒರೆಸಿಡುವ ಅಭ್ಯಾಸ ಬಂದಿರುತ್ತದೆ.

ಪ್ರಶ್ನೆ: ನಾನು ಎಚ್-1ಬಿ ವೀಸಾದಲ್ಲಿದ್ದೇನೆ. ಗ್ರೀನ್ ಕಾರ್ಡ್ ಇರುವ ಭಾವನ ಹೆಸರಿನಲ್ಲಿ ಒಂದು ಕೊಂಡು ನಾನು ಇಟ್ಟುಕೊಳ್ಳಬಹುದಾ?

ಉತ್ತರ: ಬೇಡವೇ ಬೇಡ. ನಾನ್‌ಇಮಿಗ್ರಂಟ್ ವೀಸಾದಲ್ಲಿರುವವರು ಬಂದೂಕು ಕೊಳ್ಳುವುದಕ್ಕೂ ಇಟ್ಟುಕೊಳ್ಳುವುದಕ್ಕೂ ಅಮೆರಿಕದ ಫೆಡರಲ್ ಕಾನೂನು ಸಾಮಾನ್ಯವಾಗಿ ಬಿಡುವುದಿಲ್ಲ. ಬೇಟೆಯ ಲೈಸೆನ್ಸ್ ಇದ್ದವರಿಗೆ ಅಂತ ಕೆಲವು ವಿನಾಯಿತಿಗಳಿವೆ, ಆದರೆ ಅದನ್ನು ವಕೀಲರ ಹತ್ತಿರ ಕೇಳದೆ ಮುಟ್ಟಬೇಡಿ. ಅಂಗಡಿಯಲ್ಲಿ ತುಂಬುವ 4473 ಫಾರಂ, ಕೊಳ್ಳುವುದು ನಿಮಗಾಗಿಯೇ ಅಲ್ಲವೇ ಅಂತ ಕೇಳುತ್ತದೆ. ಭಾವ ಅಲ್ಲಿ ಸುಳ್ಳು ಬರೆದರೆ ಜೈಲಿಗೆ ಹೋಗುವಂಥ ಅಪರಾಧ. ನಿಮ್ಮ ವೀಸಾಕ್ಕೂ ಕುತ್ತು.

ಪ್ರಶ್ನೆ: ನಮ್ಮದು ವಿರಾಜಪೇಟೆ ಹತ್ತಿರ. ಅಜ್ಜನ ಕಾಲದ ಜೋಡಿ ನಳಿಗೆಯ ಕೋವಿಯ ಬ್ಲೂಯಿಂಗ್ ಮಾಸಿಹೋಗಿದೆ. ಬಿಸಿ ದ್ರಾವಣದಲ್ಲಿ ಅದ್ದಿ ಹೊಸದರ ಹಾಗೆ ಮಾಡಿಕೊಡುತ್ತೇನೆ ಅಂತ ಒಬ್ಬರು ಹೇಳುತ್ತಾರೆ. ಕೊಡಬಹುದಾ?

ಉತ್ತರ: ಕೊಡಬೇಡಿ. ಹಳೆಯ ಜೋಡಿ ನಳಿಗೆಗಳನ್ನು, ನಡುವಿನ ಪಟ್ಟಿಯನ್ನು ಸಾಮಾನ್ಯವಾಗಿ ಸೀಸ ತವರದ ಬೆಸುಗೆಯಿಂದ ಕೂಡಿಸಿರುತ್ತಾರೆ. ಆ ಬಿಸಿ ಉಪ್ಪು ಬೆಸುಗೆಯನ್ನೇ ತಿನ್ನುತ್ತದೆ. ಇಂಥವಕ್ಕೆ ನಿಧಾನವಾಗಿ ಮಾಡುವ ರಸ್ಟ್ ಬ್ಲೂಯಿಂಗ್ ಒಂದೇ ಸರಿ. ತೆಳುವಾಗಿ ತುಕ್ಕು ಹಿಡಿಸುವುದು, ಕುದಿನೀರಿನಲ್ಲಿ ಬೇಯಿಸುವುದು, ಉಜ್ಜುವುದು, ಹೀಗೆ ಹಲವು ಸಲ. ಲೈಸೆನ್ಸ್ ಇರುವ ರಿಪೇರಿಯವರಿಂದಲೇ ಮಾಡಿಸಿ. ನನ್ನನ್ನು ಕೇಳಿದರೆ ಅಜ್ಜನ ಕೈ ಸವೆಸಿದ ಜಾಗವನ್ನು ಹಾಗೇ ಬಿಡಿ, ತುಕ್ಕು ಮಾತ್ರ ತಡೆಯಿರಿ. ಮಳೆಗಾಲದಲ್ಲಿ ಚರ್ಮದ ಚೀಲದಲ್ಲಿ ಇಡಬೇಡಿ, ಅದು ತೇವ ಹಿಡಿದಿಡುತ್ತದೆ. ಕೈಲ್ ಪೊಳ್ದ್, ಅಂದರೆ ಕೊಡಗಿನ ಆಯುಧಪೂಜೆಯ ದಿನ ಗಂಧ ಹಚ್ಚಿ, ನಳಿಗೆಗೆ ತೋಕ್ ಪೂ ಸಿಕ್ಕಿಸುತ್ತೀರಲ್ಲ, ಪೂಜೆ ಮುಗಿದ ಸಂಜೆಯೇ ಹೂ ತೆಗೆದು, ಗಂಧ ಒರೆಸಿ, ನಳಿಗೆಯ ಒಳಗೂ ಹೊರಗೂ ಎಣ್ಣೆ ಬಟ್ಟೆ ಆಡಿಸಿ.