ಹಳದಿ ದಿನಕ್ಕೆ ಹಳದಿ ಡ್ರೆಸ್ ಯಾಕೆ?

ಪ್ರಶ್ನೆ: ನಮ್ಮ ಪ್ಲೇಗ್ರೂಪ್‌ನಲ್ಲಿ 14 ಮಕ್ಕಳಿದ್ದಾರೆ. ಎರಡೂವರೆಯಿಂದ ಮೂರೂವರೆ ವರ್ಷದವರು. ಮುಂದಿನ ವಾರ ‘ಯೆಲ್ಲೋ ಡೇ’. ಹಳದಿ ಡ್ರೆಸ್ ಹಾಕಿ ಕಳಿಸಿ ಅಂತ ಪೋಷಕರಿಗೆ ಹೇಳಿದ್ದೇವೆ. ಬಲೂನ್ ಅಲಂಕಾರವೂ ಇದೆ. ಇನ್ನೇನು ಮಾಡಬಹುದು, ಮೇಡಂ?

ಉತ್ತರ: ಈ ಪ್ರಶ್ನೆ ಎಷ್ಟು ಸಲ ಬಂದಿದೆಯೋ ಲೆಕ್ಕವಿಲ್ಲ. ಎಲ್ಲರದ್ದೂ ಮೊದಲು ಡ್ರೆಸ್, ಆಮೇಲೆ ಬಲೂನ್. ಮಗು ಏನು ಮಾಡುತ್ತದೆ ಅನ್ನೋದು ಮಾತ್ರ ಯಾರ ಪತ್ರದಲ್ಲೂ ಇರುವುದಿಲ್ಲ. ಮೊದಲು ಇವೆರಡನ್ನೂ ಬಿಡಿ.

ನಾನು ಹಿಂದೆ ಕೆಲಸ ಮಾಡುತ್ತಿದ್ದ ಒಂದು ಶಾಲೆಯಲ್ಲಿ ಇಂಥದ್ದೇ ದಿನ ಒಂದು ಮಗು ನೀಲಿ ಫ್ರಾಕ್ ಹಾಕಿಕೊಂಡು ಬಂತು. ಬಾಗಿಲಲ್ಲೇ ನಿಂತಿತು, ಅಮ್ಮನ ಸೆರಗು ಬಿಡಲೇ ಇಲ್ಲ. ಫೋಟೋ ತೆಗೆಯುವಾಗ ಅದನ್ನು ಹಿಂದಿನ ಸಾಲಿಗೆ ಕಳಿಸಿದರು. ನನಗೆ ಈಗಲೂ ಹೊಟ್ಟೆ ಉರಿಯುತ್ತದೆ. ‘ಮನೆಯಲ್ಲಿರುವ ಒಂದು ಹಳದಿ ವಸ್ತು ಕಳಿಸಿ’ ಅನ್ನಿ, ಸಾಕು. ಮರೆತು ಬಂದವರಿಗೆ ನಿಮ್ಮ ಬುಟ್ಟಿಯಲ್ಲೇ ನಾಲ್ಕು ವಸ್ತು ಇರಲಿ. ಒಡೆದ ಬಲೂನಿನ ಚೂರು ಗಂಟಲಿಗೆ ಸಿಕ್ಕಿಕೊಂಡರೆ ಉಸಿರು ಕಟ್ಟುತ್ತದೆ. ಈ ವಯಸ್ಸಿನ ಮಕ್ಕಳ ಕೋಣೆಗೆ ನಾನು ಬಲೂನ್ ತರುವುದೇ ಇಲ್ಲ.

ಈಗ ಆಟಕ್ಕೆ ಬನ್ನಿ. ಚಾಪೆ ಹಾಸಿ. ಬಾಳೆಹಣ್ಣು, ನಿಂಬೆಹಣ್ಣು, ಅರಿಶಿನ ಕೊಂಬು, ಸೇವಂತಿಗೆ ಇಡಿ. ನಡುವೆ ಒಂದು ಟೊಮೇಟೊ, ಒಂದು ಬಾಳೆಕಾಯಿ ಬೇಕೇ ಬೇಕು. ಎಲ್ಲವೂ ಹಳದಿ ಆದರೆ ಹಳದಿ ಯಾವುದು ಅಂತ ಮಗುವಿಗೆ ತಿಳಿಯುವುದು ಹೇಗೆ? ಮಾತಾಡುವಾಗ ವಸ್ತು ಮೊದಲು, ಬಣ್ಣ ಆಮೇಲೆ. ‘ನಿಂಬೆಹಣ್ಣು ನೋಡು, ಹಳದಿ ಇದೆ’ ಅನ್ನಿ. ಕಣ್ಣು ಮೊದಲು ಹಣ್ಣಿನ ಮೇಲೆ ನಿಂತರೆ ಬಣ್ಣದ ಹೆಸರು ಅಲ್ಲೇ ಅಂಟಿಕೊಳ್ಳುತ್ತದೆ.

ಬಾಳೆಕಾಯಿಯನ್ನು ಕಿಟಕಿಯಲ್ಲಿಟ್ಟು ದಿನಾ ತೋರಿಸಿ. ನಮ್ಮಲ್ಲಿ ಒಬ್ಬ ಪುಟ್ಟ ಮೂರನೇ ದಿನ ಓಡಿ ಬಂದು ‘ಮಿಸ್, ತುದಿ ಹಳದಿ ಆಯ್ತು!’ ಅಂದ. ಅವನಿಗೆ ಯಾರೂ ಕೇಳಿರಲಿಲ್ಲ.

ಆಮೇಲೆ ಅರಿಶಿನವನ್ನು ನೀರಲ್ಲಿ ಕಲಸಿ ಕೊಡಿ, ಬಿಳಿ ಹಾಳೆಗೆ ಬಳಿಯಲಿ. ಒಣಗಿದ ಮೇಲೆ ಮೈಸೋಪಿನ ನೀರಲ್ಲಿ ಬೆರಳು ಅದ್ದಿ ಗೀರಿದರೆ ಕೆಂಪು ಗೆರೆ ಮೂಡುತ್ತದೆ. ನೀವು ಎರಡು ಹನಿ ನಿಂಬೆರಸ ಬಿಟ್ಟರೆ ಮತ್ತೆ ಹಳದಿ. ಆರತಿ ನೀರು ಕೆಂಪಾಗುವುದೂ ಹೀಗೇ, ಅಲ್ವಾ? ಆದರೆ ಸುಣ್ಣ ಮಾತ್ರ ಮಕ್ಕಳ ಹತ್ತಿರ ತರಬೇಡಿ, ಕಣ್ಣಿಗೆ ಬಿದ್ದರೆ ಸುಟ್ಟುಬಿಡುತ್ತದೆ. ಬಟ್ಟೆಗೆ ಅರಿಶಿನದ ಕಲೆ ಆದರೆ ಒಗೆದು ಬಿಸಿಲಿಗೆ ಹಾಕಿ, ಮಾಸುತ್ತದೆ. ಇಷ್ಟು ಮಾಡಿದರೆ ದಿನ ತುಂಬಿತು. ನೃತ್ಯ, ಭಾಷಣ ಯಾವುದೂ ಬೇಡ.

ಪ್ರಶ್ನೆ: ತಿಂಡಿಗೆ ಸ್ವಲ್ಪ ಫುಡ್ ಕಲರ್ ಹಾಕಬಹುದಾ?

ಉತ್ತರ: ಬೇಡ. ಬಾಂಬೆ ಮಿಠಾಯಿ, ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕಬಾರದು ಅಂತ ನಮ್ಮ ಸರ್ಕಾರವೇ 2024ರಲ್ಲಿ ನಿಷೇಧ ಮಾಡಿತು. ಚಿತ್ರಾನ್ನಕ್ಕಿಂತ ಹಳದಿ ಬೇಕಾ? ಕಡಲೆಬೀಜ ಮಾತ್ರ ಹಾಕಬೇಡಿ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ.

ಪ್ರಶ್ನೆ: ಮೂರು ವರ್ಷದ ಮಗ ಕೆಂಪು, ಹಸಿರು ತಪ್ಪು ಹೇಳುತ್ತಾನೆ. ಬಣ್ಣ ಕಾಣಿಸುವ ಹನಿಮದ್ದು ಇದೆಯಂತೆ?

ಉತ್ತರ: ಅಂಥ ಹನಿಮದ್ದು ಇಲ್ಲ. ಮಾರುವವರು ಮೋಸಗಾರರು, ಮಗುವಿನ ಕಣ್ಣಿಗೆ ಕಂಡಕಂಡದ್ದನ್ನು ಹಾಕಬೇಡಿ. ಹೆಸರು ತಪ್ಪುವುದು ಈ ವಯಸ್ಸಿಗೆ ಸಹಜ. ‘ಇದು ಯಾವ ಬಣ್ಣ?’ ಅಂತ ಪೀಡಿಸಬೇಡಿ, ‘ಇಂಥದ್ದೇ ಇನ್ನೊಂದು ಕೊಡು’ ಅನ್ನಿ. ಜೋಡಿಸಲೂ ಮತ್ತೆ ಮತ್ತೆ ತಪ್ಪಿದರೆ ಕಣ್ಣಿನ ಡಾಕ್ಟರಿಗೆ ತೋರಿಸಿ. ಬಣ್ಣಗುರುಡು ಹುಟ್ಟಿನಿಂದ ಬರುವುದೇ ಜಾಸ್ತಿ, ಅದರಲ್ಲೂ ಗಂಡುಮಕ್ಕಳಲ್ಲಿ.

ಪ್ರಶ್ನೆ: ಹಳದಿ ಕೋಣೆಯಲ್ಲಿ ಕೂರಿಸಿದರೆ ಬುದ್ಧಿ ಚುರುಕಾಗುತ್ತದಂತೆ, ಹೌದಾ?

ಉತ್ತರ: ಸುಳ್ಳು.

ಪ್ರಶ್ನೆ: ಹುಡುಗಿಯರಿಗೆ ಪಿಂಕ್, ಹುಡುಗರಿಗೆ ಬ್ಲೂ ಗುಂಪು ಮಾಡೋಣವಾ?

ಉತ್ತರ: ದಯವಿಟ್ಟು ಮಾಡಬೇಡಿ.

ಪ್ರಶ್ನೆ: ಯೆಲ್ಲೋ ಅಂತ ಕಲಿಸಬೇಕಾ, ಹಳದಿ ಅಂತಾನಾ?

ಉತ್ತರ: ಮನೆಯ ಮಾತು ಮೊದಲು. ನಮ್ಮಲ್ಲಿ ನೇರಳೆ, ಕಿತ್ತಳೆ ಅಂತ ಹಣ್ಣಿನ ಹೆಸರೇ ಬಣ್ಣದ ಹೆಸರು. ನೇರಳೆಹಣ್ಣಿನ ಕಾಲದಲ್ಲಿ ಬೀಜ ತೆಗೆದು ತಿನ್ನಿಸಿ, ಕನ್ನಡಿ ಹಿಡಿದು ನಾಲಿಗೆ ತೋರಿಸಿ.